ವಾಚಿನ ಬಳೆ

ನನಗೆ ಈಜು ಬರುವುದಿಲ್ಲ. ತೋಟದ ಕೆರೆಯಲ್ಲಿ ಮೊಣಕಾಲುಮಟ್ಟ ನೀರಿಗಿಳಿದು ಫುಟ್‌ವಾಲ್ವ್‌ಗೆ ಸಿಕ್ಕಿಕೊಂಡ ಕಸ ತೆಗೆಯುವುದೇ ನನ್ನ ಜಲಸಾಹಸದ ತುತ್ತತುದಿ. ಹಾಗಿದ್ದರೂ ನಾನು ಕಟ್ಟುವುದು ಡೈವ್ ವಾಚು. 200 ಮೀಟರ್ ಆಳದ ನೀರಿನ ಒತ್ತಡವನ್ನೂ ತಡೆಯುತ್ತೇನೆ ಅಂತ ಅದರ ಡಯಲ್ ಮೇಲೇ ಬರೆದಿದೆ. "ಚೆಟ್ಟಳ್ಳಿಯಲ್ಲಿ ಸಮುದ್ರ ಯಾವ ಕಡೆ ಬರುತ್ತೆ ಮಾರಾಯ?" ಅಂತ ಬೆಂಗಳೂರಿನ ಗೆಳೆಯರು ರೇಗಿಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಮ್ಮೆ ಬಂದು ನೋಡಿ, ಸಮುದ್ರವೇ ಮೇಲಿನಿಂದ ಬೀಳುತ್ತೆ ಅನ್ನುತ್ತೇನೆ. ಆದರೆ ನಾನು ಈ ವಾಚನ್ನು ಕೊಂಡಿದ್ದು ನೀರಿಗಾಗಿ ಅಲ್ಲ, ಅದರ ಗಾಜಿನ ಸುತ್ತ ತಿರುಗುವ ಉಂಗುರಕ್ಕಾಗಿ.

ಈ ಉಂಗುರಕ್ಕೆ ಅಂಗಡಿಯಲ್ಲಿ ಬೆಜೆಲ್ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅಮ್ಮ ಮೊದಲ ದಿನವೇ ಅದಕ್ಕೆ 'ಬಳೆ' ಅಂತ ಹೆಸರಿಟ್ಟಳು. ಈಗ ಎಲ್ಲರೂ ಹಾಗೇ ಕರೆಯುವುದು. ಬಳೆಯ ಮೇಲೆ 10, 20, 30, 40, 50 ಅಂತ ಅಂಕಿಗಳಿರುತ್ತವೆ. 60 ಇರಬೇಕಾದ ಜಾಗದಲ್ಲಿ ಒಂದು ತ್ರಿಕೋನ, ಅದರ ನಡುವೆ ಕತ್ತಲಲ್ಲಿ ಹೊಳೆಯುವ ಒಂದು ಚುಕ್ಕಿ. ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರೆ ಟಿಕ್ ಟಿಕ್ ಅಂತ ಸರಿಯುತ್ತೆ. ನನ್ನ ವಾಚಿನಲ್ಲಿ ಒಂದು ಪೂರ್ತಿ ಸುತ್ತಿಗೆ 120 ಟಿಕ್. ಅಂದರೆ ಒಂದು ಟಿಕ್‌ಗೆ ಅರ್ಧ ನಿಮಿಷ. ಬಳೆ ತಿರುಗುವುದು ಎಡಕ್ಕೆ ಮಾತ್ರ. ಬಲಕ್ಕೆ ಎಷ್ಟೇ ತಿರುಚಿದರೂ ಜಪ್ಪಯ್ಯ ಅನ್ನುವುದಿಲ್ಲ.

ಬಳಸುವುದು ಬಹಳ ಸುಲಭ. ಯಾವುದಾದರೂ ಕೆಲಸ ಶುರು ಮಾಡುವಾಗ ತ್ರಿಕೋನವನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದಿಡಿ. ಆಮೇಲೆ ಯಾವಾಗ ನೋಡಿದರೂ, ಮುಳ್ಳು ಬಳೆಯ ಯಾವ ಅಂಕಿಯ ಎದುರಿಗಿದೆಯೋ ಅಷ್ಟು ನಿಮಿಷ ಕಳೆದಿದೆ ಅಂತ ಲೆಕ್ಕ. ಬಟನ್ ಒತ್ತಬೇಕಿಲ್ಲ, ಚಾರ್ಜ್ ಮಾಡಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ. ಗಂಟೆ ಎಷ್ಟಾಯಿತು ಅನ್ನುವುದನ್ನು ಎಲ್ಲಾ ವಾಚುಗಳೂ ಹೇಳುತ್ತವೆ. ಎಷ್ಟು ಹೊತ್ತಾಯಿತು ಅನ್ನುವುದನ್ನು ಹೇಳಲು ಈ ಬಳೆ ಬೇಕು. ನಾವು ದಿನವಿಡೀ ಕೇಳಿಕೊಳ್ಳುವುದು ಹೆಚ್ಚಾಗಿ ಎರಡನೆಯ ಪ್ರಶ್ನೆಯನ್ನೇ.

ಇದು ಹುಟ್ಟಿದ್ದು ಮುಳುಗುವವರ ಪ್ರಾಣ ಉಳಿಸಲು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿದವನಿಗೆ ತಾನು ಇಳಿದು ಎಷ್ಟು ನಿಮಿಷವಾಯಿತು ಅನ್ನುವುದು ಗೊತ್ತಿರಲೇಬೇಕು. ಫ್ರೆಂಚ್ ಸೇನೆಯ ಮುಳುಗುಪಡೆ ಕಟ್ಟಿದ ರೋಬೇರ್ ಮಲೂಬಿಯೇ ಮತ್ತು ಕ್ಲೋದ್ ರಿಫೋ ಅನ್ನುವವರು ಇಂಥ ವಾಚು ಬೇಕು ಅಂತ ಹುಡುಕುತ್ತಿದ್ದಾಗ ಬ್ಲಾಂಕ್‌ಪಾ ಕಂಪನಿಯ 'ಫಿಫ್ಟಿ ಫ್ಯಾದಮ್ಸ್' ಬಂತು. ಅದು 1953. ರೋಲೆಕ್ಸ್‌ನ 'ಸಬ್‌ಮರೀನರ್' ಹುಟ್ಟಿದ್ದೂ ಅದೇ ವರ್ಷ. ಇವತ್ತು ಸಾವಿರಗಳಲ್ಲಿ ಸಿಗುವ ಡೈವ್ ವಾಚಿನಿಂದ ಹಿಡಿದು ಹಲವು ಲಕ್ಷ ಬೆಲೆಯದರವರೆಗೆ ಎಲ್ಲದರ ಬಳೆಯೂ ಮಾಡುವುದು ಆ ಒಂದೇ ಕೆಲಸ.

ಬಳೆ ಎಡಕ್ಕೆ ಮಾತ್ರ ಯಾಕೆ ತಿರುಗುತ್ತೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ನೀರಿನೊಳಗೆ ಬಂಡೆಗೋ ಹಗ್ಗಕ್ಕೋ ತಾಗಿ ಬಳೆ ಸರಿಯಿತು ಅಂತಿಟ್ಟುಕೊಳ್ಳಿ. ಎಡಕ್ಕೆ ಸರಿದರೆ ತ್ರಿಕೋನ ಹಿಂದೆ ಹೋಗುತ್ತೆ, ಕಳೆದ ಹೊತ್ತು ಇದ್ದದ್ದಕ್ಕಿಂತ ಹೆಚ್ಚು ಅಂತ ತೋರಿಸುತ್ತೆ. ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೇ ನಷ್ಟ. ಬಲಕ್ಕೆ ಸರಿಯುವಂತಿದ್ದರೆ, ಇನ್ನೂ ಗಾಳಿ ಇದೆ ಅಂದುಕೊಂಡು ಕೆಳಗೇ ಉಳಿದುಬಿಡುತ್ತಿದ್ದ. ತಪ್ಪಾಗುವುದನ್ನು ತಡೆಯಲು ಆಗದಿದ್ದರೆ, ತಪ್ಪು ಅಪಾಯವಿಲ್ಲದ ಕಡೆಗೇ ಆಗಲಿ ಅನ್ನುವ ಜಾಣತನ ಇದು. ಸಾಫ್ಟ್‌ವೇರ್ ಬರೆಯುವ ನಮಗೆ ಇದನ್ನು ಕಾಲೇಜಿನಲ್ಲಿ ದೊಡ್ಡ ದೊಡ್ಡ ಪುಸ್ತಕ ಇಟ್ಟುಕೊಂಡು ಕಲಿಸುತ್ತಾರೆ. ಇಲ್ಲಿ ಒಂದು ಸಣ್ಣ ಸ್ಪ್ರಿಂಗ್ ಮತ್ತು ಹಲ್ಲುಗಳ ಸಾಲಿನಲ್ಲಿ ಮುಗಿದುಹೋಗಿದೆ. ಆದರೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಅಡುಗೆಮನೆ. ನನ್ನ ಕಂಪನಿ ಇರುವುದು ಬೆಂಗಳೂರಿನಲ್ಲಿ, ನಾನಿರುವುದು ಚೆಟ್ಟಳ್ಳಿಯ ಮನೆಯ ಮೂಲೆಯ ಕೋಣೆಯಲ್ಲಿ. ಆ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. "ಏಯ್, ಬಳೆ ತಿರುಗ್ಸು, ಅರ್ಧ ಗಂಟೆ!" ಅಂತ ಅಮ್ಮ ಕೂಗಿದಳೆಂದರೆ ಹಬೆಗೆ ಕಡುಂಬುಟ್ಟು ಇಟ್ಟಿದ್ದಾಳೆ ಅಂತ ಅರ್ಥ. ನಾನು ಮೀಟಿಂಗ್‌ನಲ್ಲಿದ್ದರೂ ಮಾತು ನಿಲ್ಲಿಸದೆ ಮೇಜಿನ ಕೆಳಗೆ ಬಳೆ ತಿರುಗಿಸುತ್ತೇನೆ. ಎದುರಿಗಿರುವವರಿಗೆ ಗೊತ್ತೇ ಆಗುವುದಿಲ್ಲ. ಅದೇ ಮೊಬೈಲ್ ಕೈಗೆತ್ತಿಕೊಂಡರೆ ಟೈಮರ್ ಇಡುವ ಮೊದಲು ನಾಲ್ಕು ವಾಟ್ಸ್ಯಾಪ್ ನೋಡಿರುತ್ತೇನೆ, ಟೈಮರ್ ಮರೆತೇ ಹೋಗಿರುತ್ತೆ. ಕುಕ್ಕರ್ ಸೀಟಿ ಹಾಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ, ಗಟ್ಟಿಯಾಗಿ ಬೇಯಬೇಕಾದ ಮೊಟ್ಟೆ, ಸೋಪಿನ ನೀರಲ್ಲಿ ನೆನೆಹಾಕಿದ ಬಟ್ಟೆ, ಓವರ್‌ಹೆಡ್ ಟ್ಯಾಂಕಿಗೆ ನೀರು ತುಂಬಲು ಹಾಕಿದ ಮೋಟಾರ್, ಇವಕ್ಕೆಲ್ಲ ಒಂದೇ ಬಳೆ ಸಾಕು. ಒಂದು ಸಲಕ್ಕೆ ಒಂದನ್ನೇ ನೆನಪಿಟ್ಟುಕೊಳ್ಳುತ್ತೆ ಅನ್ನುವುದೇ ಅದರ ಮಿತಿ. ಮೋಟಾರ್ ಹಾಕಿದಾಗ ಮೊಟ್ಟೆ ಬೇಯಿಸಬಾರದು ಅಂತ ನಮ್ಮ ಮನೆಯಲ್ಲಿ ಈಗ ನಿಯಮ.

ಕರೆಂಟ್ ಹೋದಾಗಲೂ ಮೊದಲು ಬಳೆ ತಿರುಗಿಸುವುದು ನನಗೆ ಅಭ್ಯಾಸವಾಗಿದೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತೋ ಹೇಳುವ ಹಾಗಿಲ್ಲ. ಇನ್ವರ್ಟರ್ ಮೇಲೆ ಓಡುತ್ತಾ ಎಷ್ಟು ಹೊತ್ತಾಯಿತು ಅನ್ನುವುದು ಗೊತ್ತಿದ್ದರೆ ಯಾವಾಗ ಕೆಲಸ ಸೇವ್ ಮಾಡಿ, "ನನ್ನ ಕಡೆ ಕರೆಂಟ್ ಇಲ್ಲ, ಸ್ವಲ್ಪ ಹೊತ್ತಲ್ಲಿ ಕಾಣೆಯಾಗುತ್ತೇನೆ" ಅಂತ ಟೀಮಿಗೆ ಹೇಳಬೇಕು ಅನ್ನುವುದೂ ಗೊತ್ತಿರುತ್ತೆ.

ಇನ್ನೊಂದು ಉಪಯೋಗ ನನ್ನ ಹಾಗೆ ಹೊರದೇಶದವರ ಜೊತೆ ಕೆಲಸ ಮಾಡುವವರಿಗೆ, ಅಥವಾ ಮಕ್ಕಳು ಹೊರದೇಶದಲ್ಲಿರುವ ಅಪ್ಪ ಅಮ್ಮಂದಿರಿಗೆ. ಬಳೆಯ ಮೇಲಿನ ಐದೈದು ನಿಮಿಷವನ್ನು ಒಂದೊಂದು ಗಂಟೆ ಅಂದುಕೊಳ್ಳಿ. ತ್ರಿಕೋನ ಅಂದರೆ 12 ಗಂಟೆ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದೆ. ತ್ರಿಕೋನವನ್ನು ಡಯಲಿನ 5 ಮತ್ತು 6ರ ನಡುವೆ ಇಟ್ಟುಬಿಟ್ಟರೆ, ಗಂಟೆಯ ಮುಳ್ಳು ಬಳೆಯ ಮೇಲೆ ಲಂಡನ್ ಗಂಟೆ ತೋರಿಸುತ್ತೆ. ನಮ್ಮಲ್ಲಿ ಮಧ್ಯಾಹ್ನ ಎರಡೂವರೆ ಆಗಿರುವಾಗ ಮುಳ್ಳು ಬಳೆಯ 45ರ ಎದುರು ಇರುತ್ತೆ. 45ನ್ನು ಐದರಿಂದ ಭಾಗಿಸಿದರೆ ಒಂಬತ್ತು. ಅಲ್ಲಿ ಬೆಳಿಗ್ಗೆ ಒಂಬತ್ತು ಗಂಟೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಕೊಳ್ಳುತ್ತಾರೆ, ಆಗ ತ್ರಿಕೋನವನ್ನು 4 ಮತ್ತು 5ರ ನಡುವೆ ತಂದರಾಯಿತು. ಬಳೆ ಇಲ್ಲದ ವಾಚಿನವರಿಗೂ ಒಂದು ಹಳೇ ಉಪಾಯ ಇದೆ. ಇಲ್ಲಿನ ವಾಚನ್ನು ತಲೆಕೆಳಗಾಗಿ ಹಿಡಿದರೆ ಹೆಚ್ಚುಕಡಿಮೆ ಲಂಡನ್ನಿನ ಚಳಿಗಾಲದ ಸಮಯವೇ ಕಾಣಿಸುತ್ತೆ. ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ.

ಕಾಡಿನಲ್ಲಿ ದಿಕ್ಕು ಕಂಡುಹಿಡಿಯಲೂ ಇದು ಬರುತ್ತೆ ಅಂತ ವಾಚಿನ ಹುಚ್ಚಿನವರು ಹೇಳುತ್ತಾರೆ. ಗಂಟೆಯ ಮುಳ್ಳನ್ನು ಸೂರ್ಯನ ಕಡೆ ಮಾಡಿ, ಅದಕ್ಕೂ 12ಕ್ಕೂ ನಡುವಿನ ಜಾಗಕ್ಕೆ ತ್ರಿಕೋನ ತಂದರೆ ಅದು ದಕ್ಷಿಣ ಅನ್ನುವುದು ಲೆಕ್ಕ. ನಮ್ಮೂರಿನಲ್ಲಿ ಇದನ್ನು ನಂಬಿ ಹೊರಟರೆ ಆನೆಯ ಎದುರಿಗೇ ಹೋಗಿ ನಿಲ್ಲಬಹುದು. ಯಾಕೆಂದರೆ ಭಾರತದ ಸಮಯ 82.5 ಡಿಗ್ರಿ ರೇಖಾಂಶದ್ದು. ಕೊಡಗು ಅದಕ್ಕಿಂತ ಬಹಳ ಪಶ್ಚಿಮಕ್ಕಿದೆ, ನಮ್ಮ ಸೂರ್ಯ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ಅದು ಸಾಲದು ಅಂತ ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಡುನೆತ್ತಿಗೆ ಬಂದು, ಆಗಸ್ಟ್ 20ರ ಸುಮಾರಿಗೆ ಮತ್ತೆ ನಡುನೆತ್ತಿ ದಾಟುವವರೆಗೆ ಮಧ್ಯಾಹ್ನದ ಹೊತ್ತು ಉತ್ತರದ ಕಡೆಗೇ ಇರುತ್ತಾನೆ. ಈ ಉಪಾಯ ಯುರೋಪಿನವರಿಗೆ ಚೆಂದ. ಕಾಫಿ ತೋಟದ ಮರಗಳ ಕೆಳಗೆ ಸೂರ್ಯ ಕಂಡರೆ ತಾನೇ ಮುಂದಿನ ಮಾತು!

ಇಷ್ಟೂ ನನ್ನ ಕಥೆ. ಬಳೆಯ ಬೆಲೆ ನಮ್ಮ ಮನೆಗೆ ನಿಜವಾಗಿ ಗೊತ್ತಾದದ್ದು ಅದು ಅಪ್ಪನ ಕೈಗೆ ಹೋದ ಮೇಲೆ.

ಅಪ್ಪನಿಗೆ ಈಗ 72. ನಮ್ಮದು ಎಂಟು ಎಕರೆ ರೊಬಸ್ಟಾ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಫೆಬ್ರವರಿ ಬಂತೆಂದರೆ ಕೊಡಗಿನ ಎಲ್ಲಾ ತೋಟದವರಿಗೂ ಆಕಾಶ ನೋಡುವುದೇ ಕೆಲಸ. ಹೂಮಳೆ ಸರಿಯಾದ ಹೊತ್ತಿಗೆ ಬಂದರೆ ಮೊಗ್ಗು ಅರಳುತ್ತೆ, ಬಾರದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸಿ ನಾವೇ ಹೂಮಳೆ ಸುರಿಸಬೇಕು. ಅದೇನು ಸುಮ್ಮನೆ ನೆಲ ಒದ್ದೆ ಮಾಡುವ ಕೆಲಸವಲ್ಲ. ಒಂದು ಇಂಚು, ಒಂದೂವರೆ ಇಂಚು ಮಳೆಯಷ್ಟು ನೀರು ಒಂದೇ ಸಲಕ್ಕೆ ಬೀಳಬೇಕು. ಕಡಿಮೆಯಾದರೆ ಮೊಗ್ಗು ಅರೆಬರೆ ಬಿಚ್ಚಿ ಹಾಳಾಗುತ್ತೆ, ಆ ಗಿಡದ ಒಂದು ವರ್ಷದ ಫಸಲು ಹೋದ ಹಾಗೆ. ಜಾಸ್ತಿಯಾದರೆ ಕೆರೆ ಬೇಗ ಬರಿದಾಗಿ ಕೊನೆಯ ಎರಡು ಎಕರೆಗೆ ನೀರೇ ಇಲ್ಲ. ನಮ್ಮ ಪಂಪು, ನಮ್ಮ ಪೈಪಿನ ಲೆಕ್ಕದಲ್ಲಿ ಒಂದು ಸೆಟ್ಟಿಗೆ ನಾಲ್ಕು ಗಂಟೆ. ನಾಲ್ಕು ಗಂಟೆಯಾದ ಮೇಲೆ ಪಂಪ್ ನಿಲ್ಲಿಸಿ, ಪೈಪ್ ಕಳಚಿ, ಪಕ್ಕದ ಸಾಲಿಗೆ ಜೋಡಿಸಿ ಮತ್ತೆ ಶುರು. ಹೀಗೆ ಹಗಲು ರಾತ್ರಿ ಒಂದು ವಾರದ ಮೇಲೆ.

ನಾನು ಹುಟ್ಟಿದಾಗಿನಿಂದ ನೋಡಿದ ಹಾಗೆ ಈ ಲೆಕ್ಕ ಅಪ್ಪನ ತಲೆಯಲ್ಲೇ ಇರುತ್ತಿತ್ತು. ಯಾವ ಸಾಲಿಗೆ ಎಷ್ಟು ಹೊತ್ತಿಗೆ ಬಿಟ್ಟದ್ದು, ಮಧ್ಯೆ ಎಂಜಿನ್ ಕೆಟ್ಟು ಎಷ್ಟು ಹೊತ್ತು ನಿಂತಿತ್ತು, ಎಲ್ಲಾ ಬಾಯಲ್ಲೇ. ಮೂರು ವರ್ಷದ ಹಿಂದಿನ ಫೆಬ್ರವರಿಯಲ್ಲಿ ಮೊದಲ ಸಲ ಅದು ತಪ್ಪಿತು. ಬೆಳಿಗ್ಗೆ ಪಂಪ್ ಹಾಕಿ ತಿಂಡಿಗೆ ಬಂದವರು ಮತ್ತೆ ಹೋಗಿ ಪೈಪಿನ ಹುಡುಗರನ್ನು "ಎಷ್ಟು ಗಂಟೆಗೆ ಹಾಕಿದ್ದು?" ಅಂತ ಕೇಳಿದರು. ಒಬ್ಬ ಆರೂವರೆ ಅಂದ, ಇನ್ನೊಬ್ಬ "ಇಲ್ಲ ಸಾವ್ಕಾರ್ರೇ, ಏಳೂವರೆ ಆಗಿತ್ತು" ಅಂದ. ಒಂದು ಗಂಟೆ ವ್ಯತ್ಯಾಸ ಅಂದರೆ ಕಾಲು ಭಾಗ ನೀರು. ಅಪ್ಪ ಏನೂ ಹೇಳದೆ ಕೆರೆಯ ಏರಿಯ ಮೇಲೆ ಸುಮ್ಮನೆ ನಿಂತಿದ್ದರು. ಅದೇ ವಾರದಲ್ಲಿ ಇನ್ನೆರಡು ಸಲ ಹೀಗೇ ಆಯಿತು. ಹುಡುಗರು ನಕ್ಕರು ಅಂತಲ್ಲ, ಆದರೆ ಮೂರನೇ ಸಲ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ಅಪ್ಪ ಗಮನಿಸಿದ್ದರು. ಆ ರಾತ್ರಿ ಊಟಕ್ಕೆ ಕೂತಾಗ, "ಇನ್ನು ಪಂಪಿನ ಕೆಲಸ ನೀನೇ ನೋಡ್ಕೋ. ನನ್ನಿಂದ ಆಗಲ್ಲ" ಅಂದರು. ಐವತ್ತು ವರ್ಷ ಮಾಡಿದ ಕೆಲಸವನ್ನು ಎರಡೇ ಮಾತಲ್ಲಿ ಬಿಟ್ಟುಕೊಟ್ಟರು. ಅಮ್ಮ ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದು ಹಾಗೇ ನಿಂತಳು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೋಡಿ, ಪ್ರಶ್ನೆಗಳನ್ನು ಕೇಳಿ, ರಕ್ತ ಪರೀಕ್ಷೆ ಮಾಡಿಸಿ, "ಈಗಿನ ಮಟ್ಟಿಗೆ ವಯಸ್ಸಿನ ಮರೆವು. ಗಾಬರಿ ಬೇಡ, ಆದರೆ ಆರು ತಿಂಗಳಿಗೊಮ್ಮೆ ತೋರಿಸ್ತಾ ಇರಿ. ಮಾಡುವ ಕೆಲಸ ಮಾತ್ರ ಬಿಡಿಸಬೇಡಿ" ಅಂದರು. ಬಿಡಿಸಬಾರದು ಸರಿ, ಮಾಡುವುದು ಹೇಗೆ? ಸಣ್ಣ ಪುಸ್ತಕದಲ್ಲಿ ಬರೆದಿಡಲು ನೋಡಿದೆವು. ಸ್ಪ್ರಿಂಕ್ಲರ್ ನೀರು ಬಿದ್ದು ಜೇಬಲ್ಲೇ ಮುದ್ದೆಯಾಯಿತು. ಮೊಬೈಲ್ ಅಲಾರಂ ಇಟ್ಟೆವು. ಡೀಸೆಲ್ ಎಂಜಿನ್ ಸದ್ದಿನ ಮುಂದೆ ಅದು ಕೂಗಿದ್ದು ಯಾರಿಗೂ ಕೇಳಲಿಲ್ಲ. ಪಂಪ್‌ಹೌಸ್ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯೋಣ ಅಂದೆ. ಅಪ್ಪ ಒಪ್ಪಲಿಲ್ಲ. "ನನಗೆ ಮರೆವು ಅಂತ ಗೋಡೆ ಮೇಲೆ ಬೋರ್ಡ್ ಹಾಕ್ಬೇಕಾ?" ಅಂದರು. ಅಲ್ಲಿಗೆ ವಿಷಯ ನನಗೆ ಅರ್ಥವಾಯಿತು. ಅವರಿಗೆ ಸಮಯ ನೆನಪಿಲ್ಲ ಅನ್ನುವುದಕ್ಕಿಂತ ಅದು ಹತ್ತು ಜನಕ್ಕೆ ಕಾಣುತ್ತೆ ಅನ್ನುವುದೇ ನೋವು.

ಆಗ ನನ್ನ ವಾಚು ಬಿಚ್ಚಿ ಕೊಟ್ಟೆ. ಅದನ್ನು ಒಪ್ಪಿಸುವುದೂ ಸುಲಭವಿರಲಿಲ್ಲ. ಅಪ್ಪ ಮದುವೆಯಲ್ಲಿ ಬಂದ ಎಚ್‌ಎಂಟಿ ಬಿಟ್ಟು ಬೇರೆ ವಾಚು ಕಟ್ಟಿದವರೇ ಅಲ್ಲ. ದಿನಾ ಬೆಳಿಗ್ಗೆ ಕೀಲಿ ಕೊಡುವುದು ಅವರಿಗೆ ಹಲ್ಲುಜ್ಜಿದ ಹಾಗೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ವಾಚಿನ ಫ್ಯಾಕ್ಟರಿ ನಮ್ಮ ಅಪ್ಪನ ತಲೆಮಾರಿಗೆ ಎಷ್ಟು ದೊಡ್ಡ ಹೆಮ್ಮೆ ಅನ್ನುವುದು ನಿಮ್ಮ ಮನೆಯ ಹಿರಿಯರನ್ನು ಕೇಳಿದರೆ ಗೊತ್ತಾಗುತ್ತೆ. ಎಚ್‌ಎಂಟಿ ವಾಚ್ ಕಂಪನಿಯನ್ನು 2016ರಲ್ಲಿ ಮುಚ್ಚುತ್ತಾರೆ ಅಂತ ಪೇಪರಿನಲ್ಲಿ ಬಂದ ದಿನ ಅಪ್ಪ ಇಡೀ ಸಂಜೆ ಬೇಸರದಲ್ಲಿದ್ದರು. "ಎಚ್‌ಎಂಟಿ ಮದುವೆಮನೆಗೆ ಇರಲಿ ಅಪ್ಪಾ, ಇದನ್ನು ಕೆರೆ ಕೆಲಸಕ್ಕೆ ಮಾತ್ರ ಕಟ್ಟಿ ನೋಡಿ, ನೀರು ಬಿದ್ದರೂ ಏನೂ ಆಗಲ್ಲ" ಅಂದೆ. ಕೆಲಸದ ವಾಚು ಅಂದಿದ್ದಕ್ಕೆ ಒಪ್ಪಿದರು.

ನಾಲ್ಕು ಗಂಟೆಯನ್ನು 60 ನಿಮಿಷದ ಬಳೆಯಲ್ಲಿ ಅಳೆಯುವುದು ಹೇಗೆ ಅಂತ ನೀವು ಕೇಳಬಹುದು. ನಿಮಿಷದ ಮುಳ್ಳು ಗಂಟೆಗೊಮ್ಮೆ ತ್ರಿಕೋನಕ್ಕೆ ವಾಪಸ್ ಬಂದುಬಿಡುತ್ತೆ, ಅದು ಪ್ರಯೋಜನವಿಲ್ಲ. ಅದಕ್ಕೆ ತ್ರಿಕೋನವನ್ನು ಗಂಟೆಯ ಮುಳ್ಳಿಗೆ ಹೊಂದಿಸಬೇಕು. ಲಂಡನ್ ಲೆಕ್ಕದ ಹಾಗೇ ಇಲ್ಲೂ ಬಳೆಯ ಐದು ನಿಮಿಷ ಅಂದರೆ ಒಂದು ಗಂಟೆ. ಆರೂವರೆಗೆ ಪಂಪ್ ಹಾಕಿದಾಗ ತ್ರಿಕೋನ ಆ ಮುಳ್ಳಿನ ಎದುರು ಬಂದರೆ, ಮುಳ್ಳು ಬಳೆಯ 20ಕ್ಕೆ ಬಂದಾಗ ನಾಲ್ಕು ಗಂಟೆಯಾಯಿತು. ಈ ಲೆಕ್ಕದಲ್ಲಿ ಒಂದು ಟಿಕ್ ಅಂದರೆ ಆರು ನಿಮಿಷ. ತೋಟದ ಕೆಲಸಕ್ಕೆ ಅಷ್ಟು ನಿಖರತೆ ಸಾಕು.

ಇದನ್ನು ಅಪ್ಪನಿಗೆ ವಿವರಿಸಿದೆ. ತಲೆಯಾಡಿಸಿ ಹೋದರು. ಸಂಜೆ ನೋಡಿದರೆ ಅವರು ಬಳೆಯನ್ನು ಬೇರೆಯೇ ರೀತಿ ಇಟ್ಟುಕೊಂಡಿದ್ದರು. ತ್ರಿಕೋನ ಶುರು ಮಾಡಿದ ಜಾಗದಲ್ಲಿರಲಿಲ್ಲ, ಮುಗಿಯುವ ಜಾಗದಲ್ಲಿತ್ತು. "ನಿನ್ನ ಇಪ್ಪತ್ತು, ಭಾಗಾಕಾರ ಯಾರಿಗೆ ಬೇಕು? ಪಂಪ್ ಹಾಕುವಾಗಲೇ ನಾಲ್ಕು ಗಂಟೆ ಮುಂದಕ್ಕೆ ತ್ರಿಕೋನ ಇಟ್ಟೆ. ಸಣ್ಣ ಮುಳ್ಳು ಅಲ್ಲಿಗೆ ಬಂತು ಅಂದ್ರೆ ಪೈಪ್ ಬದಲಾಯಿಸೋದು" ಅಂದರು. ಲೆಕ್ಕ ಮಾಡುವುದು ಒಂದೇ ಸಲ, ತಲೆ ಚುರುಕಾಗಿರುವ ಹೊತ್ತಲ್ಲಿ. ಆಮೇಲೆ ನೋಡುವುದು ಮಾತ್ರ. ಎಂಜಿನಿಯರಿಂಗ್ ಓದಿದ ನನಗೆ ಹೊಳೆಯದ ಸರಳ ದಾರಿ ಅದು. ಮುಂಜಾನೆ ಕತ್ತಲಲ್ಲಿ ಹೊಳೆಯುವ ಚುಕ್ಕಿಯ ಕಡೆಗೆ ಹೊಳೆಯುವ ಮುಳ್ಳು ಎಷ್ಟು ಹತ್ತಿರ ಬಂದಿದೆ ಅನ್ನುವುದು ಟಾರ್ಚ್ ಇಲ್ಲದೆಯೂ ಕಾಣುತ್ತೆ. ಆನೆ ಓಡಾಡುವ ಕಾಲದಲ್ಲಿ, ಪಂಪ್‌ಹೌಸಿನಿಂದ ಮನೆಗೂ ಮನೆಯಿಂದ ಪಂಪ್‌ಹೌಸಿಗೂ ಸುಮ್ಮನೆ ಕತ್ತಲಲ್ಲಿ ಅಲೆಯುವುದು ತಪ್ಪುತ್ತೆ ಅನ್ನುವುದೂ ಸಣ್ಣ ಲಾಭವಲ್ಲ.

ಆ ವರ್ಷ ಉಳಿದ ಸೆಟ್ಟುಗಳನ್ನೆಲ್ಲ ಅಪ್ಪನೇ ನೋಡಿಕೊಂಡರು. ಹುಡುಗರು "ಸಾವ್ಕಾರ್ರೇ, ಆಯ್ತಾ?" ಅಂತ ಕೇಳಿದರೆ ಕೈ ತಿರುಗಿಸಿ ನೋಡಿ, "ಇನ್ನೂ ಅರ್ಧ ಗಂಟೆ ಇದೆ" ಅನ್ನುವುದು. ವಾಚು ನೋಡಿ ಹೇಳುವವರನ್ನು ಯಾರೂ ಮರೆವಿನವರು ಅನ್ನುವುದಿಲ್ಲವಲ್ಲ. ಒಂಬತ್ತನೇ ದಿನಕ್ಕೆ ಹೂ ಅರಳಿತು. ಕಾಫಿ ಹೂವಿನ ವಾಸನೆ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಹೇಳಿ ತಿಳಿಸಲು ನನ್ನಿಂದಾಗದು. ನನಗೆ ಹೊಸ ವಾಚು ಕೊಳ್ಳಬೇಕಾಗಿ ಬಂತು, ಯಾಕೆಂದರೆ ಹಳೆಯದು ವಾಪಸ್ ಬರಲಿಲ್ಲ.

ಇದು ಮರೆವಿಗೆ ಮದ್ದು ಅಂತ ನಾನು ಹೇಳುತ್ತಿಲ್ಲ. ಹೋದ ಮಳೆಗಾಲದ ಒಂದು ಸಂಜೆ ಅಪ್ಪ ಜಗಲಿಯಲ್ಲಿ ಕೂತು ವಾಚನ್ನೇ ನೋಡುತ್ತಿದ್ದರು. ತ್ರಿಕೋನ ಎಲ್ಲೋ ಇತ್ತು, ಮುಳ್ಳು ಅದರ ಹತ್ತಿರ ಬರುತ್ತಿತ್ತು. "ಇದನ್ನ ಯಾಕೆ ಇಟ್ಟೆ?" ಅಂತ ಮೆಲ್ಲಗೆ ಕೇಳಿದರು, ನನ್ನನ್ನೋ ತಮ್ಮನ್ನೋ ಗೊತ್ತಾಗಲಿಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅಮ್ಮ ಒಳಗಿನಿಂದಲೇ "ಹಾಲು ಹೆಪ್ಪು ಹಾಕೋಕೆ ಆರಲಿ ಅಂತ ನಾನೇ ಹೇಳಿದ್ದು" ಅಂದಳು. ಅಪ್ಪ "ಹೌದೌದು" ಅಂದರು. ಯಾವಾಗ ಅನ್ನುವುದನ್ನು ಬಳೆ ಹೇಳುತ್ತೆ, ಯಾಕೆ ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಮನೆಯಲ್ಲಿ ಒಬ್ಬರು ಬೇಕು. ಆ ದಿನದಿಂದ ಅಪ್ಪ ಬಳೆ ತಿರುಗಿಸಿದರೆ ಯಾವುದಕ್ಕೆ ಅಂತ ಒಂದು ಮಾತು ಜೋರಾಗಿ ಹೇಳಬೇಕು ಅಂತ ಅಮ್ಮ ಕಟ್ಟಳೆ ಮಾಡಿದ್ದಾಳೆ. ಈಗ ನಾನೂ ಹಾಗೇ ಮಾಡುತ್ತೇನೆ. "ಮೋಟಾರ್!" ಅಂತ ಒಬ್ಬರು, "ಕುಕ್ಕರ್!" ಅಂತ ಇನ್ನೊಬ್ಬರು. ಹೊರಗಿನವರು ಕೇಳಿದರೆ ಏನಂದುಕೊಳ್ಳುತ್ತಾರೋ.

ಆಗಲೇ ಹೇಳುತ್ತೇನೆ ಅಂದ ಎಚ್ಚರಿಕೆ ಈಗ. ಬಳೆ ತಾಗಿ ಸರಿದರೆ ಹೆಚ್ಚು ಹೊತ್ತು ಕಳೆದ ಹಾಗೆ ತೋರಿಸುತ್ತೆ ಅಂದೆನಲ್ಲ, ಕುಕ್ಕರ್, ಮೋಟಾರಿಗೆ ಅದರಿಂದ ದೊಡ್ಡ ತೊಂದರೆಯಿಲ್ಲ. ಬೇಗ ಆರಿಸುತ್ತೇವೆ, ಅಷ್ಟೇ. ಔಷಧಿಗೆ ಮಾತ್ರ ಇದು ತಿರುಗುಬಾಣ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು ಮುಂದಿನ ಮಾತ್ರೆಗೆ ಇಷ್ಟು ಗಂಟೆ ಕಾಯಬೇಕು ಅಂತಿದ್ದಾಗ ಬಳೆ ಸರಿದರೆ, ಹೊತ್ತಾಗುವ ಮೊದಲೇ ಕೊಟ್ಟುಬಿಡುತ್ತೇವೆ. ಇಷ್ಟಕ್ಕಿಂತ ಹೆಚ್ಚು ಆಗಬಾರದು ಅನ್ನುವ ಕೆಲಸಕ್ಕೆ ಬಳೆ ಒಳ್ಳೆಯದು. ಇಷ್ಟಾದರೂ ಆಗಲೇಬೇಕು ಅನ್ನುವ ಕೆಲಸಕ್ಕೆ, ಅದರಲ್ಲೂ ಗಂಟೆಗಟ್ಟಲೆ ಅಂತರದ ಔಷಧಿಗೆ, ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಬಗೆಯ ಕಣ್ಣಿನ ಹನಿಗಳ ನಡುವೆ ಐದು ನಿಮಿಷ ಬಿಡುವುದು, ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರುವುದು, ಇಂಥ ಸಣ್ಣ ಅಂತರಗಳಿಗೆ ಎದುರಲ್ಲೇ ಕೂತು ನೋಡುತ್ತಿರುತ್ತೇವಾದ್ದರಿಂದ ಬಳೆ ಸಾಕು.

ಇನ್ನು ಕೆಲವು ಹೊತ್ತು ಬರಲೇಬಾರದು, ಬಂದರೆ ಮಾತ್ರ ಮೊದಲ ಕೆಲಸ ಬಳೆ ತಿರುಗಿಸುವುದು. ಯಾರಿಗಾದರೂ ಫಿಟ್ಸ್ ಬಂದರೆ ಐದು ನಿಮಿಷ ದಾಟಿತೇ ಅನ್ನುವುದು ಮುಖ್ಯ. ದಾಟಿದರೆ ಅದು ತುರ್ತು. ಗಾಬರಿಯಲ್ಲಿ ಎರಡು ನಿಮಿಷ ಅರ್ಧ ಗಂಟೆಯ ಹಾಗೆ ಅನಿಸುತ್ತೆ, ಅಂದಾಜು ನಂಬುವ ಹಾಗಿಲ್ಲ. ಮುಖ ಸೊಟ್ಟಗಾಗಿ, ಮಾತು ತೊದಲಿ, ಕೈ ಸೋತರೆ, ಅದು ಪಾರ್ಶ್ವವಾಯು ಇರಬಹುದು. ಕೊನೆಯ ಬಾರಿ ಸರಿಯಾಗಿದ್ದದ್ದು ಯಾವಾಗ ಅಂತಲೇ ಡಾಕ್ಟರು ಮೊದಲು ಕೇಳುವುದು, ಯಾಕೆಂದರೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವುದಕ್ಕೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅನ್ನುವ ಗಡುವಿದೆ. ನಮ್ಮಂಥ ಊರಿನಿಂದ ದೊಡ್ಡ ಆಸ್ಪತ್ರೆ ಅಂದರೆ ಮೈಸೂರಿನ ದಾರಿ, ಆ ಗಡುವಿನಲ್ಲಿ ಹೆಚ್ಚಿನ ಪಾಲು ರಸ್ತೆಗೇ ಹೋಗುತ್ತೆ. ತೋಟದಲ್ಲಿ ಹಾವು ಕಚ್ಚಿದರೂ ಅಷ್ಟೇ. ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಅಲ್ಲಾಡಿಸದೆ ಆಸ್ಪತ್ರೆಗೆ ಒಯ್ಯಿರಿ, ಕಚ್ಚಿದ ಹೊತ್ತು ಹೇಳಿ. ಅಲ್ಲಿ ಅವರು ಸ್ವಲ್ಪ ರಕ್ತವನ್ನು ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಅಂತ ನೋಡುತ್ತಾರೆ. ಅಲ್ಲಿಯೂ ಎಣಿಸುವುದು ನಿಮಿಷವನ್ನೇ.

ಇದನ್ನು ಓದಿ ವಾಚು ಕೊಳ್ಳಲು ಹೋಗುವವರಿಗೆ ನಾಲ್ಕು ಮಾತು. ಬಳೆ ನಿಜವಾಗಿ ತಿರುಗುತ್ತಾ ಅಂತ ಅಂಗಡಿಯಲ್ಲೇ ತಿರುಗಿಸಿ ನೋಡಿ. ಅಂಕಿ ಬರೆದ ಬಳೆ ಇದ್ದರೂ ಶೋಕಿಗೆ ಅಂಟಿಸಿದ ವಾಚುಗಳಿವೆ. ಹಿರಿಯರಿಗೆ ಕೊಳ್ಳುವುದಾದರೆ ಅವರನ್ನೇ ಕರೆದುಕೊಂಡು ಹೋಗಿ. ಬೆರಳಿಗೆ ಹಿಡಿತ ಸಿಗಬೇಕು, ತೀರಾ ಬಿಗಿಯಿದ್ದರೆ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ತ್ರಿಕೋನದ ಚುಕ್ಕಿಯೂ ಎರಡು ಮುಳ್ಳುಗಳೂ ಕತ್ತಲಲ್ಲಿ ಹೊಳೆಯುತ್ತವೆಯೇ ಅಂತ ಅಂಗೈ ಮುಚ್ಚಿ ನೋಡಿ. ಮನೆಗೆ ತಂದ ಮೇಲೆ ಬಳೆಯ ಕೆಳಗೆ ಬೆವರು, ಮಣ್ಣು, ಹಿಟ್ಟು ಸೇರಿ ಗಟ್ಟಿಯಾಗುತ್ತೆ. ತಿಂಗಳಿಗೊಮ್ಮೆ ಕೀಲಿ ಸರಿಯಾಗಿ ಮುಚ್ಚಿದೆಯಾ ನೋಡಿಕೊಂಡು, ನಲ್ಲಿಯ ಕೆಳಗೆ ಹಳೇ ಬ್ರಶ್ಶಿನಿಂದ ಉಜ್ಜುತ್ತಾ ನಾಲ್ಕು ಸುತ್ತು ತಿರುಗಿಸಿ.

ಈ ವರ್ಷದ ಸ್ಪ್ರಿಂಕ್ಲರ್ ಕೆಲಸ ಅಪ್ಪನೂ ನಾನೂ ಹಂಚಿಕೊಂಡೆವು. ಹಗಲಿನ ಸೆಟ್ಟುಗಳು ಅವರದು, ರಾತ್ರಿಯದು ನನ್ನದು. ಮುಂದಿನ ವರ್ಷ ಅವರಿಗೆ ಎಷ್ಟು ಸೆಟ್ಟು ಅನ್ನುವುದನ್ನು ಆಗ ನೋಡಿಕೊಳ್ಳೋಣ ಅಂತಿದ್ದೇವೆ. ನಿಮ್ಮ ಮನೆಯಲ್ಲೂ "ಎಷ್ಟು ಹೊತ್ತಾಯ್ತು?" ಅಂತ ಪದೇ ಪದೇ ಕೇಳಿ ಆಮೇಲೆ ಸಪ್ಪಗಾಗುವ ಹಿರಿಯರಿದ್ದರೆ, ಉತ್ತರ ಹೇಳುವುದರ ಜೊತೆಗೆ ಇಂಥದೊಂದು ಬಳೆಯನ್ನೂ ಅವರ ಕೈಗೆ ಕೊಟ್ಟು ನೋಡಿ. ಹೇಗೆ ಬಳಸಬೇಕು ಅಂತ ಒಂದು ಸಲ ತೋರಿಸಿ, ಆಮೇಲೆ ಅವರಿಗೇ ಬಿಟ್ಟುಬಿಡಿ. ನಮ್ಮ ಅಪ್ಪನ ಹಾಗೆ ಅವರೂ ತಮ್ಮದೇ ದಾರಿ ಕಂಡುಕೊಂಡರೆ, ಅದನ್ನು ಇಲ್ಲಿಗೂ ಬರೆದು ತಿಳಿಸಿ.